ಕಡಿವಾಣ ಯಾರಿಗೆ?

1922ರ ಅಕ್ಟೋಬರ್ 3ರ ರಾತ್ರಿ ಪರ್ಸಿ ಥಾಂಪ್ಸನ್ ಮತ್ತು ಎಡಿತ್ ದಂಪತಿ ಲಂಡನ್ನಿನ ಕ್ರೈಟೀರಿಯನ್ ಥಿಯೇಟರಿನಲ್ಲಿ ನಾಟಕ ನೋಡಿ, ರೈಲು ಹತ್ತಿ ಇಲ್ಫರ್ಡಿಗೆ ಮರಳಿದರು. ನಡುರಾತ್ರಿ ದಾಟಿತ್ತು. ಬೆಲ್‌ಗ್ರೇವ್ ರಸ್ತೆಯಲ್ಲಿ ಮನೆಯತ್ತ ನಡೆಯುತ್ತಿದ್ದಾಗ ಒಬ್ಬ ಯುವಕ ಓಡಿಬಂದು ಪರ್ಸಿಯನ್ನು ಚೂರಿಯಿಂದ ಇರಿದ. ಅವನು ಫ್ರೆಡರಿಕ್ ಬೈವಾಟರ್ಸ್, ಹಡಗಿನ ನೌಕರ, 20 ವರ್ಷದವನು, ಎಡಿತಳ ಪ್ರಿಯಕರ. ‘ಬೇಡ, ಬೇಡ’ ಎಂದು ಹೆಂಗಸೊಬ್ಬಳು ಕೂಗಿದ್ದು ಕೇಳಿಸಿತೆಂದು ಹತ್ತಿರದ ನಿವಾಸಿಯೊಬ್ಬರು ಸಾಕ್ಷಿ ಹೇಳಿದರು. 1923ರ ಜನವರಿ 9ರ ಬೆಳಿಗ್ಗೆ 9 ಗಂಟೆಗೆ ಅವನನ್ನು ಪೆಂಟನ್‌ವಿಲ್ ಜೈಲಿನಲ್ಲೂ ಅವಳನ್ನು ಹಾಲೋವೇ ಜೈಲಿನಲ್ಲೂ ಗಲ್ಲಿಗೇರಿಸಿದರು.

ಕೊಂದವನಿಗೆ ಆ ಕಾಲದ ಕಾನೂನು ಗಲ್ಲು ವಿಧಿಸಿದ್ದು ಅರ್ಥವಾಗುತ್ತದೆ. ಅವಳನ್ನು ಯಾಕೆ ಕೊಂದರು?

ಕಾರಣ ಪತ್ರಗಳು. ಅವನು ಸಮುದ್ರದ ಮೇಲಿದ್ದಾಗ ಎಡಿತ್ ಬರೆದ ಹತ್ತಾರು ಪತ್ರಗಳನ್ನು ಅವನು ಜೋಪಾನವಾಗಿ ಇಟ್ಟುಕೊಂಡಿದ್ದ. ಗಂಡನ ಊಟದಲ್ಲಿ ಬಲ್ಬಿನ ಗಾಜು ಪುಡಿ ಮಾಡಿ ಬೆರೆಸಿದೆ, ವಿಷದ ವಿಚಾರ ಹೀಗೆ ಓದಿದೆ ಎಂಬಂಥ ಮಾತುಗಳು ಅವುಗಳಲ್ಲಿದ್ದವು. ಇಂದಿಗೂ ಓದಿದರೆ ಮೈ ಜುಂ ಎನ್ನುತ್ತದೆ. ಕೊಲೆಯಾದ ಕೂಡಲೇ ಅವಳು ಪೊಲೀಸರಿಗೆ ಬೈವಾಟರ್ಸ್ ಹೆಸರು ಹೇಳದೆ ಮುಚ್ಚಿಟ್ಟದ್ದೂ ನಿಜ. ಆದರೆ ಶವಪರೀಕ್ಷೆ ನಡೆಸಿದ ಬರ್ನಾರ್ಡ್ ಸ್ಪಿಲ್ಸ್‌ಬರಿಗೆ ವಿಷದ, ಗಾಜಿನ ಕುರುಹು ಸಿಗಲಿಲ್ಲ. ಅವಳಿಗೆ ಏನೂ ಗೊತ್ತಿರಲಿಲ್ಲವೆಂದು ಬೈವಾಟರ್ಸ್ ಕಡೆಯವರೆಗೂ ಹೇಳುತ್ತಿದ್ದ. ಪತ್ರಗಳನ್ನು ಬದಿಗಿಟ್ಟರೆ ಆ ರಾತ್ರಿಯ ಇರಿತಕ್ಕೂ ಅವಳಿಗೂ ನಂಟು ಹಾಕುವ ಗಟ್ಟಿ ಪುರಾವೆ ಉಳಿಯುತ್ತಿರಲಿಲ್ಲ.

ಈ ಖಾಲಿ ಜಾಗವನ್ನು ಓಲ್ಡ್ ಬೈಲಿಯ ನ್ಯಾಯಾಲಯದಲ್ಲಿ ತುಂಬಿದ್ದು ನೈತಿಕ ಅಸಹ್ಯ. ನ್ಯಾಯಮೂರ್ತಿ ಶಿಯರ್ಮನ್ ಜ್ಯೂರಿಗೆ ಮೊಕದ್ದಮೆಯ ಸಾರ ಹೇಳುವಾಗ, ಪರಪುರುಷನ ಮೇಲಿನ ಪ್ರೇಮವನ್ನು ದೊಡ್ಡದೆಂದು ಬಗೆಯುವ ಮಾತಿಗೆ ಸಜ್ಜನರು ಹೇಸಿಕೊಳ್ಳುತ್ತಾರೆ ಎಂಬರ್ಥದಲ್ಲಿ ನುಡಿದರು. ಹೊರಗೂ ಅದೇ ಗಾಳಿ. ಚೂರಿ ಹಾಕಿದ ಹುಡುಗನಿಗೆ ಕ್ಷಮೆ ಕೊಡಿ ಎಂದು ಲಕ್ಷಾಂತರ ಜನ ಮನವಿಗೆ ಸಹಿ ಹಾಕಿದರು. ಚೂರಿ ಮುಟ್ಟದವಳ ಮೇಲೆ ಅಷ್ಟು ಕನಿಕರ ಹುಟ್ಟಲಿಲ್ಲ. ಅವಳು ಅವನಿಗಿಂತ ಎಂಟೊಂಬತ್ತು ವರ್ಷ ದೊಡ್ಡವಳು, ಕೈತುಂಬ ದುಡಿಯುತ್ತಿದ್ದವಳು, ಹುಡುಗನನ್ನು ಕೆಡಿಸಿದವಳು ಎಂದು ಜನ ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಆರೋಪ ಕೊಲೆಯದು, ತೀರ್ಪು ವ್ಯಭಿಚಾರದ್ದು.

ಕಾನೂನಿಗೆ ನಮ್ಮ ಮೇಲೆ ಅಧಿಕಾರ ಎಲ್ಲಿಂದ ಬರುತ್ತದೆ ಎಂಬ ಹಳೆಯ ಜಗಳಕ್ಕೆ ಈ ಪ್ರಕರಣ ಒಳ್ಳೆಯ ಒರೆಗಲ್ಲು. ಕಾನೂನು ಇದೆ ಎನ್ನುವುದು ಬೇರೆ, ಅದು ಒಳ್ಳೆಯದೋ ಕೆಟ್ಟದ್ದೋ ಎನ್ನುವುದು ಬೇರೆ ಎಂದು 1832ರಲ್ಲಿ ಜಾನ್ ಆಸ್ಟಿನ್ ಗೆರೆ ಎಳೆದ. ನೈಸರ್ಗಿಕ ಕಾನೂನಿನ ಪಂಥದವರು ಇದನ್ನು ಒಪ್ಪುವುದಿಲ್ಲ. 13ನೆಯ ಶತಮಾನದ ಥಾಮಸ್ ಅಕ್ವಿನಾಸ್ ಪ್ರಕಾರ ಕಾನೂನೆಂದರೆ ಎಲ್ಲರ ಹಿತಕ್ಕಾಗಿ ವಿವೇಕ ರೂಪಿಸಿದ ಕಟ್ಟಳೆ. ನ್ಯಾಯ ತಪ್ಪಿದ ಕಾನೂನು ಬಲಾತ್ಕಾರಕ್ಕೆ ಹತ್ತಿರ.

ಆಸ್ಟಿನ್ನನ ದಾರಿ ಹಿಡಿದರೆ ಎಡಿತ್ ಪ್ರಕರಣದಲ್ಲಿ ತಪ್ಪೇನೆಂದು ಹೇಳುವುದೇ ಕಷ್ಟ. ಸಾಕ್ಷ್ಯದ ನಿಯಮದಡಿಯೇ ಪತ್ರಗಳು ದಾಖಲಾದವು, ಹನ್ನೆರಡು ಜನರ ಜ್ಯೂರಿ ಕೂತಿತು, ಡಿಸೆಂಬರ್ 21ರಂದು ಮೇಲ್ಮನವಿಯೂ ವಜಾ ಆಯಿತು. ತಪ್ಪೆಂದು ಹೇಳಲು ಆ ನಿಯಮಗಳ ಆಚೆ ನಿಂತ ಅಳತೆಗೋಲು ಬೇಕು. ಆಸ್ಟಿನ್ನನ ಕಡೆಯವರೂ ಅಂಥ ಅಳತೆಗೋಲು ಹಿಡಿದು ಕಾನೂನನ್ನು ಟೀಕಿಸಬಹುದು. ಅಧಿಕಾರದ ಬೇರು ಅಲ್ಲಿದೆ ಎಂದು ಮಾತ್ರ ಅವರು ಹೇಳಲಾರರು.

ಆದರೆ ನೈಸರ್ಗಿಕ ಕಾನೂನನ್ನು ನಂಬುವವರಿಗೆ ಇನ್ನೂ ದೊಡ್ಡ ಪೇಚಿದೆ. ಅಂದು ನೀತಿಯ ಹೆಸರಿನಲ್ಲಿ ಮಾತಾಡಿದ್ದು ನ್ಯಾಯಪೀಠವೇ. ಮದುವೆಯ ಪಾವಿತ್ರ್ಯವೇ ಸಹಜ ಧರ್ಮ ಎಂಬ ನಂಬಿಕೆ ಆ ಕೋಣೆಯಲ್ಲಿ ಯಾರಿಗೂ ಹೊಸದಲ್ಲ. ಹಾಗಾದರೆ ಕಾನೂನಿಗೆ ನೀತಿಯ ಬುನಾದಿ ಬೇಕೆನ್ನುವುದು ಜನರ ಮುನಿಸಿಗೆ ಕುಣಿಕೆ ಒದಗಿಸಿದಂತೆ ಆಗುವುದಿಲ್ಲವೇ?

ಆಗುವುದಿಲ್ಲ, ಒಂದು ಭೇದವನ್ನು ಬಿಗಿಯಾಗಿ ಹಿಡಿದುಕೊಂಡರೆ. ಪ್ರಜೆಗಳ ಮೇಲೆ ನೀತಿಯನ್ನು ಹೇರುವುದು ಬೇರೆ, ಕಾನೂನು ತಾನೇ ನೀತಿಗೆ ತಲೆಬಾಗುವುದು ಬೇರೆ. ನೈಸರ್ಗಿಕ ಕಾನೂನು ಆಳುವವರ ಬಾಯಿಗೆ ಹಾಕಿದ ಕಡಿವಾಣ. ಆಳಿಸಿಕೊಳ್ಳುವವರ ಬೆನ್ನಿಗೆ ಎತ್ತಿದ ಚಾವಟಿಯಲ್ಲ. ಮನುಷ್ಯರು ಮಾಡಿದ ಕಾನೂನು ಎಲ್ಲ ಕೆಡುಕುಗಳನ್ನೂ ನಿಷೇಧಿಸಹೋಗಬಾರದು, ಕೊಲೆ ಕಳವಿನಂತೆ ಇತರರಿಗೆ ಹಾನಿ ಮಾಡುವ ಘೋರ ತಪ್ಪುಗಳನ್ನು ಮುಖ್ಯವಾಗಿ ತಡೆಯಬೇಕು ಎಂದು ಹೇಳಿದ್ದು ಅದೇ ಅಕ್ವಿನಾಸ್, ಒಬ್ಬ ಕ್ರೈಸ್ತ ಸನ್ಯಾಸಿ. 1964ರಲ್ಲಿ ಲಾನ್ ಫುಲ್ಲರ್ ಕಾನೂನಿನ ಒಳಗಿನ ನೀತಿ ಎಂದು ಕರೆದದ್ದೂ ಆಳುವವರ ಮೇಲಿನ ಕಟ್ಟುಪಾಡುಗಳನ್ನೇ: ನಿಯಮ ಮೊದಲೇ ಪ್ರಕಟವಾಗಿರಬೇಕು, ಸ್ಪಷ್ಟವಾಗಿರಬೇಕು, ಪ್ರಕಟವಾದ ನಿಯಮಕ್ಕೂ ಅಧಿಕಾರಿಗಳ ನಡೆಗೂ ತಾಳೆ ಇರಬೇಕು. ಇಲ್ಫರ್ಡ್ ಪ್ರಕರಣ ಮುಗ್ಗರಿಸುವುದು ಈ ಕೊನೆಯ ಮೆಟ್ಟಿಲಲ್ಲಿ. ವ್ಯಭಿಚಾರಕ್ಕೆ ಗಲ್ಲು ಎಂದು ಇಂಗ್ಲೆಂಡಿನ ಯಾವ ಕಾಯಿದೆಯೂ ಆಗ ಹೇಳಿರಲಿಲ್ಲ.

ನ್ಯಾಯಪೀಠ ಅಷ್ಟು ಗೌರವ ತೋರಿದ ಮದುವೆಯ ಕಾನೂನಾದರೂ ಸಮವಾಗಿತ್ತೇ? 1922ರಲ್ಲಿ ಹೆಂಡತಿ ತಪ್ಪಿ ನಡೆದರೆ ಅಷ್ಟರ ಮೇಲೆಯೇ ಗಂಡ ವಿಚ್ಛೇದನ ಕೇಳಬಹುದಿತ್ತು. ಹೆಂಡತಿಗೆ ಗಂಡನ ವ್ಯಭಿಚಾರವೊಂದೇ ಸಾಲದು, ಕ್ರೌರ್ಯದಂಥ ಇನ್ನೊಂದು ಕಾರಣವನ್ನೂ ರುಜುವಾತು ಮಾಡಬೇಕಿತ್ತು. ತಾನು ಬೇರೊಬ್ಬನನ್ನು ಪ್ರೀತಿಸಿದೆ, ಗಂಡ ಬಿಡಲು ಒಪ್ಪುವುದಿಲ್ಲ ಎನ್ನುವವಳಿಗಂತೂ ಬಾಗಿಲೇ ಇರಲಿಲ್ಲ. ಎಡಿತ್ ಸತ್ತ ವರ್ಷವೇ, 1923ರಲ್ಲಿ, ವೈವಾಹಿಕ ಮೊಕದ್ದಮೆಗಳ ಕಾಯಿದೆ ಗಂಡ ಹೆಂಡಿರ ನಡುವಿನ ಈ ತಾರತಮ್ಯವನ್ನು ತೆಗೆಯಿತು. ಆ ವರ್ಷದ ಜನವರಿಯಲ್ಲಿ ನೀತಿಯೆನಿಸಿದ್ದು ವರ್ಷ ಮುಗಿಯುವುದರೊಳಗೆ ಪಕ್ಷಪಾತವೆನಿಸಿತು. ರೂಢಿಯನ್ನು ನಿಸರ್ಗವೆಂದು ಭ್ರಮಿಸುವವರಿಗೆ ಇದು ಸಾಕಷ್ಟು ಎಚ್ಚರಿಕೆ.

ಇದರ ಇನ್ನೊಂದು ತುದಿಯನ್ನು ನಾವು ಕನ್ನಡಿಗರು ನಮ್ಮ ನೆಲದಲ್ಲೇ ಕಂಡಿದ್ದೇವೆ. 1975ರ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿ ಮೊದಲಾದವರು ಬಂಧನವನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿನ ಮೊರೆಹೊಕ್ಕರು. ಇಂಥ ಅರ್ಜಿಗಳ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಪೊಲೀಸನೊಬ್ಬ ವೈಯಕ್ತಿಕ ದ್ವೇಷದಿಂದ ಕೊಂದರೂ ತುರ್ತುಪರಿಸ್ಥಿತಿ ಮುಗಿಯುವವರೆಗೆ ಪರಿಹಾರವಿಲ್ಲ ಎಂದು ಸರಕಾರದ ವಕೀಲರು ಒಪ್ಪಿಕೊಂಡರು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರಕಾರದ ವಾದವನ್ನು ಎತ್ತಿಹಿಡಿದರು, ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಜೀವದ ಹಕ್ಕು ಸಂವಿಧಾನ ಕೊಟ್ಟ ದಾನವಲ್ಲ, ಅದಕ್ಕೂ ಮೊದಲಿನದು ಎಂಬ ನಿಲುವು ಗೆಲ್ಲಲು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಕೊಟ್ಟ ಖಾಸಗಿತನದ ತೀರ್ಪಿನವರೆಗೆ ಕಾಯಬೇಕಾಯಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಒಂದು ಕಡೆ ನೀತಿಯ ಅಬ್ಬರ, ಇನ್ನೊಂದು ಕಡೆ ನೀತಿಗೂ ತನಗೂ ಸಂಬಂಧವಿಲ್ಲವೆನ್ನುವ ನಿರ್ಲಿಪ್ತತೆ. ನೋಡಲು ಎದುರುಬದುರು, ತಪ್ಪು ಮಾತ್ರ ಒಂದೇ. ಎರಡರಲ್ಲೂ ಪ್ರಭುತ್ವ ಎದುರಿಗಿದ್ದ ವ್ಯಕ್ತಿಯ ಲೆಕ್ಕ ಕೇಳಿತು, ತನ್ನ ಲೆಕ್ಕ ಒಪ್ಪಿಸಲಿಲ್ಲ. ಸೆರೆಗೆ ಹಾಕುವ, ಕೊಲ್ಲುವ ಅಧಿಕಾರ ಇರುವವರು ಯಾವ ತಪ್ಪಿಗೆ, ಯಾವ ಪುರಾವೆಯ ಮೇಲೆ ಎಂದು ಹೇಳಲೇಬೇಕು. ಹೇಳಿದ ಆ ತಪ್ಪಿಗೇ ಶಿಕ್ಷೆ ಕೊಡಬೇಕು. ಕಾನೂನಿಗೆ ತಲೆಬಾಗಬೇಕೆಂಬ ಋಣ ನಮ್ಮ ಮೇಲೆ ಹುಟ್ಟುವುದೂ ಇಲ್ಲಿಂದಲೇ.

ಈ ಮಾತಿಗೆ ಬೆಲೆ ತೆರಬೇಕಾಗುತ್ತದೆ. ಸಜ್ಜನರ ವಿಷಯದಲ್ಲಿ ಇದನ್ನು ಒಪ್ಪುವುದು ಸುಲಭ. ಎಡಿತಳ ಪತ್ರಗಳನ್ನು ಓದಿ ಹೇಸಿಕೊಂಡ ಮೇಲೂ, ಹೇಸಿಗೆ ಪುರಾವೆಯಲ್ಲ ಎಂದು ಹೇಳಲು ತಯಾರಿದ್ದವರು ಮಾತ್ರ ಕಾನೂನಿಗೆ ನೈತಿಕ ಬುನಾದಿ ಇರಬೇಕೆಂದು ವಾದಿಸಬಹುದು.