ಮೂರು ರಾಯರ ಗುಡ್ಡಕ್ಕೆ ಯಾವಾಗ ಹೋಗಬೇಕು?



ಕಳೆದ ತಿಂಗಳು ಯುವಜನರ ಸಭೆ ಮುಗಿದು ಕುರ್ಚಿ ಎತ್ತಿಡುವಾಗ ನಾಲ್ಕು ಜನ ಹುಡುಗರು ನನ್ನ ಹತ್ತಿರ ಬಂದರು. "ಅಕ್ಕಾ, ಶನಿವಾರ ರಾತ್ರಿ ಕಾನ್ಸಾವ್ಲಿ ಗುಡ್ಡಕ್ಕ ಹೋಗೋಣೇನ್ರಿ? ಅಲ್ಲಿ ಗುಡಿಯೊಳಗ ದೆವ್ವ ಐತಂತ. ವಿಡಿಯೊ ಮಾಡ್ಕೊಂಡು ಬರೋಣ" ಎಂದರು. ನಾನು ಕೂಡಲೇ ಬೇಡ ಎಂದೆ. "ಯಾಕ?" ಎಂದು ಕೇಳಿದರು. ದೆವ್ವ ಗಿವ್ವ ಏನೂ ಇಲ್ಲ ಎಂದೆ. ಅವರಲ್ಲಿ ಒಬ್ಬ ನಕ್ಕು ಹೇಳಿದ: "ಇಲ್ಲ ಅಂದ್ರ ಹೋಗಾಕ ಏನ್ ತೊಂದ್ರಿ? ಐತಿ ಅಂದ್ರ ನೋಡಾಕ ಏನ್ ತೊಂದ್ರಿ?"

ಬಿಎಸ್ಸಿ ಓದಿದ್ದರೂ ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾನ್ಸಾವ್ಲಿ ನಮಗೆ ದೂರದ ಊರಲ್ಲ. ವಾಸ್ಕೋದಿಂದ ಮಡಗಾಂವ್ ಕಡೆಗೆ ರೈಲು ಹತ್ತಿದರೆ ದಾಬೋಳಿ, ಸಾಂಕವಾಳ ದಾಟಿದ ಮೇಲೆ ಸಿಗುತ್ತದೆ. ಹತ್ತಿರದ ಕುವೆಲಿ ಗುಡ್ಡದ ಮೇಲೆ ಪರಿಹಾರ ಮಾತೆಗೆ ಅರ್ಪಿತವಾದ ಒಂದು ಚಿಕ್ಕ ಚಾಪೆಲ್ ಇದೆ. ಅದನ್ನು ಕಟ್ಟಿದ್ದು 1599ರಲ್ಲಿ. ಪ್ರತಿ ವರ್ಷ ಜನವರಿ 6ರಂದು ಅಲ್ಲಿ ಮೂರು ರಾಯರ ಹಬ್ಬ ನಡೆಯುತ್ತದೆ. ಕಾನ್ಸಾವ್ಲಿ, ಕುವೆಲಿ, ಆರೋಶಿ ಎಂಬ ಮೂರು ಊರುಗಳಿಂದ ಒಬ್ಬೊಬ್ಬ ಹುಡುಗ ಕಿರೀಟ ಧರಿಸಿ, ಕುದುರೆ ಏರಿ ಗುಡ್ಡ ಹತ್ತುತ್ತಾನೆ. ಬೆತ್ಲೆಹೇಮಿಗೆ ಕಾಣಿಕೆ ತಂದ ಜ್ಞಾನಿಗಳ ನೆನಪಿಗಾಗಿ ಊರಿಗೆ ಊರೇ ಸೇರಿ ಬಲಿಪೂಜೆ ಅರ್ಪಿಸುತ್ತದೆ. ಚಾಪೆಲ್ಲಿಗೆ "ಮೂರು ರಾಯರದು" ಎಂಬ ಹೆಸರು ಬಂದದ್ದು ಹೀಗೆ.

ದೆವ್ವದ ಕಥೆ ಬೇರೆಯೇ ಇದೆ. ಆ ಕಥೆಯಲ್ಲಿ ಮೂವರು ಪೋರ್ಚುಗೀಸ್ ರಾಜರು ನೆಲಕ್ಕಾಗಿ ಸದಾ ಜಗಳವಾಡುತ್ತಿದ್ದರಂತೆ. ಒಬ್ಬನು ಉಳಿದ ಇಬ್ಬರನ್ನು ಇದೇ ಗುಡ್ಡಕ್ಕೆ ಊಟಕ್ಕೆ ಕರೆದು ವಿಷ ಹಾಕಿದನಂತೆ. ಜನ ರೊಚ್ಚಿಗೆದ್ದು ಬಂದಾಗ ತಾನೂ ವಿಷ ಕುಡಿದು ಸತ್ತನಂತೆ. ಮೂವರ ಆತ್ಮಗಳೂ ಈಗ ಅಲ್ಲೇ ಅಲೆಯುತ್ತಿವೆಯಂತೆ.

ಚರಿತ್ರೆಯನ್ನು ಸ್ವಲ್ಪ ನೋಡೋಣ. ಪೋರ್ಚುಗೀಸರ ಕಾಲದಲ್ಲಿ ಗೋವೆಯನ್ನು ಆಳಿದವರು ವೈಸರಾಯ್‌ಗಳು ಮತ್ತು ಗವರ್ನರ್‌ಗಳು. ಇಲ್ಲಿ ಪೋರ್ಚುಗೀಸ್ ರಾಜ ಒಬ್ಬನೂ ಇರಲಿಲ್ಲ, ಮೂವರಂತೂ ದೂರದ ಮಾತು. ಚಾಪೆಲ್ ಕಟ್ಟಿದ ಕಾಲದಲ್ಲಿ ಪೋರ್ಚುಗಲ್ಲೇ ಸ್ಪೇನಿನ ರಾಜನ ಕೈಯಲ್ಲಿತ್ತು. ಅಂದ ಮೇಲೆ ಈ ಮೂವರು ರಾಜರು ಎಲ್ಲಿಂದ ಬಂದರು? ಹಬ್ಬದ ಹೆಸರನ್ನು ಕೇಳಿದ ಯಾರೋ ಅದರೊಳಗೆ ಒಂದು ಕೊಲೆಯನ್ನು ಸೇರಿಸಿದಂತೆ ನನಗೆ ಕಾಣುತ್ತದೆ. ಚಿನ್ನ, ಧೂಪ, ರಕ್ತಬೋಳ ಹೊತ್ತು ಬಂದವರ ಹೆಸರಿನಲ್ಲಿ ಈಗ ವಿಷದ ಬಟ್ಟಲು ಓಡಾಡುತ್ತಿದೆ.

ಮುಂದಿನ ಸಭೆಯಲ್ಲಿ ಇದನ್ನು ಹೇಳಿದೆ. ಆಗ ಒಬ್ಬ ಹುಡುಗಿ ಎದ್ದು ಕೇಳಿದಳು: "ಅಕ್ಕಾ, ನಮ್ಮ ಮೂರು ರಾಯರದೂ ಕಥೀನ ಅಲ್ಲೇನ್ರಿ? ಬೈಬಲಿನ್ಯಾಗ ಮೂರು ಅಂತನೂ ಇಲ್ಲ, ರಾಜರು ಅಂತನೂ ಇಲ್ಲ." ಅವಳ ಮಾತು ನಿಜ. ಮತ್ತಾಯನ ಶುಭಸಂದೇಶದ 2ನೆಯ ಅಧ್ಯಾಯದಲ್ಲಿ ಇರುವುದು ಪೂರ್ವದೇಶದ ಜ್ಞಾನಿಗಳು ಎಂದು ಮಾತ್ರ. ಕಾಣಿಕೆ ಮೂರು ಇದ್ದುದರಿಂದ ಮೂವರು ಎಂದು ಎಣಿಸಿದ್ದು, ರಾಯರು ಎಂದು ಕರೆದದ್ದು, ಗಾಸ್ಪರ್, ಮೆಲ್ಕಿಯೋರ್, ಬಲ್ತಜಾರ್ ಎಂದು ಹೆಸರಿಟ್ಟದ್ದು ಎಲ್ಲವೂ ಸಂಪ್ರದಾಯ. ಹಾಗಾದರೆ ಎರಡು ಕಥೆಗಳಿಗೆ ಏನು ವ್ಯತ್ಯಾಸ?

ವ್ಯತ್ಯಾಸ ಎರಡು ಎಂದು ನನಗೆ ತೋರುತ್ತದೆ. ಧರ್ಮಸಭೆ ತನ್ನ ಸಂಪ್ರದಾಯವನ್ನು ಬಚ್ಚಿಡುವುದಿಲ್ಲ. ಇಷ್ಟು ಶುಭಸಂದೇಶದಲ್ಲಿದೆ, ಇಷ್ಟು ಆಮೇಲೆ ಬಂದದ್ದು ಎಂದು ಯಾವ ಗುರುಗಳನ್ನು ಕೇಳಿದರೂ ಹೇಳುತ್ತಾರೆ. ದೆವ್ವದ ಕಥೆಗೆ ಜವಾಬು ಹೇಳುವವರು ಯಾರೂ ಇಲ್ಲ. ಇನ್ನೊಂದು, ಕಥೆ ಯಾರ ಮೇಲೆ ಏನು ಹೊರಿಸುತ್ತದೆ ಎಂಬುದು. ಮೂರು ರಾಯರ ಕಥೆ ಯಾರ ಹೆಸರನ್ನೂ ಕೆಡಿಸುವುದಿಲ್ಲ. ಕೇಳಿದವರು ತಾವೂ ಏನಾದರೂ ಕೊಡಬೇಕು ಎಂದುಕೊಂಡು ಮನೆಗೆ ಹೋಗುತ್ತಾರೆ. ದೆವ್ವದ ಕಥೆ ಒಂದು ಊರಿನ ಪ್ರಾರ್ಥನೆಯ ಜಾಗವನ್ನು ಕೊಲೆಯ ಜಾಗವನ್ನಾಗಿ ಮಾಡುತ್ತದೆ. ಕರೆಂಟು ಹೋದಾಗ ಅಜ್ಜಿ ಹೇಳುವ ಕೊಳ್ಳಿದೆವ್ವದ ಕಥೆಯನ್ನು ನಾನು ಬೇಡ ಎನ್ನುವುದಿಲ್ಲ. ಅದು ಯಾರ ಮೇಲೂ ಹೇಳಿದ ಕಥೆಯಲ್ಲ. ಆದರೆ ಒಂದು ಜಾಗದ ಹೆಸರು ಹಿಡಿದು, ಸತ್ತವರ ಹೆಸರು ಹಿಡಿದು ಹೇಳಿದರೆ ಅದು ಸಾಕ್ಷಿ ಹೇಳಿದ ಹಾಗೆ. ಸುಳ್ಳುಸಾಕ್ಷಿ ಹೇಳಬಾರದು ಎಂಬ ಆಜ್ಞೆ ಬದುಕಿರುವವರಿಗೆ ಮಾತ್ರ ಎಂದು ಎಲ್ಲೂ ಬರೆದಿಲ್ಲ. ಸತ್ತವರು ಎದ್ದು ಬಂದು "ನಾನು ಹಾಗಲ್ಲ" ಎನ್ನಲಾರರು. ಹಾಗಾಗಿ ಅವರ ವಿಷಯದಲ್ಲಿ ನಾವು ಇನ್ನೂ ಎಚ್ಚರವಾಗಿರಬೇಕು.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಓಣಿಯ ಹುಡುಗನೊಬ್ಬ ಚಿರೇಕಲ್ಲಿನ ಹಳೆಯ ಕ್ವಾರಿಯ ನೀರಿಗೆ ಈಜಲು ಇಳಿದು ತೀರಿಕೊಂಡ. ತಿಂಗಳು ತುಂಬುವ ಮೊದಲೇ ಕಥೆ ಹುಟ್ಟಿತು. ಸಂಜೆಯಾದರೆ ಅವನು ನೀರಿನಿಂದ ಹೆಸರು ಹಿಡಿದು ಕರೆಯುತ್ತಾನೆ ಎಂದು ಮಕ್ಕಳು ಹೇಳತೊಡಗಿದರು. ದೊಡ್ಡವರೂ ಸುಮ್ಮನಿದ್ದೆವು, ಹೆದರಿಕೆಗಾದರೂ ಮಕ್ಕಳು ಅತ್ತ ಹೋಗುವುದಿಲ್ಲವಲ್ಲ ಎಂದುಕೊಂಡೆವು. ನಾನೂ ನನ್ನ ತಮ್ಮನಿಗೆ ಅದನ್ನೇ ಹೇಳಿ ಹೆದರಿಸಿದ್ದೆ. ಒಂದು ದಿನ ನಳದ ಹತ್ತಿರ ಆ ಮಾತು ಅವನ ತಾಯಿಯ ಕಿವಿಗೆ ಬಿತ್ತು. ಆಕೆ ಕೊಡ ಕೆಳಗಿಟ್ಟು, "ನನ್ನ ಮಗ ಇದ್ದಾಗ ಒಂದ್ ಕೂಸಿನ್ನೂ ಹೆದರಿಸಿದಾಂವಲ್ಲ. ಸತ್ತ ಮ್ಯಾಲ ಯಾಕ ಹೆದರಸ್ತಾನ?" ಎಂದು ಕೇಳಿದರು. ಅಲ್ಲಿದ್ದ ಯಾರೂ ಬಾಯಿ ತೆರೆಯಲಿಲ್ಲ. ನಾನೂ ಅಲ್ಲಿದ್ದೆ.

ನಾವು ಹೇಳಬೇಕಾಗಿದ್ದ ಸತ್ಯ ಸುಲಭವಾಗಿತ್ತು: ನೀರು ಆಳ, ಬದಿ ಜಾರುತ್ತದೆ, ಇಳಿಯಬೇಡಿ. ಅದರ ಬದಲು ಒಬ್ಬ ಒಳ್ಳೆಯ ಹುಡುಗನನ್ನು ದೆವ್ವ ಮಾಡಿದೆವು. ಕ್ವಾರಿಗೆ ಬೇಲಿ ಹಾಕಿಸಬೇಕೆಂಬುದು ಯಾರಿಗೂ ನೆನಪಾಗಲಿಲ್ಲ.

ನಮ್ಮ ವಿಶ್ವಾಸದಲ್ಲಿ ಸತ್ತವರ ಜೊತೆ ನಮಗಿರುವ ಸಂಬಂಧ ಪ್ರಾರ್ಥನೆಯದು. ಮಕ್ಕಬಿಯರ ಎರಡನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿ ಯೂದನು ಯುದ್ಧದಲ್ಲಿ ಮಡಿದವರಿಗಾಗಿ ಕಾಣಿಕೆ ಕೂಡಿಸಿ ಬಲಿಯರ್ಪಣೆಗೆ ಕಳುಹಿಸುತ್ತಾನೆ. ತೋಬಿತನು ಪ್ರಾಣದ ಹಂಗು ತೊರೆದು ಅನಾಥ ಶವಗಳನ್ನು ಹೂಳುತ್ತಾನೆ. ಹಾಗೆಯೇ ಸೌಲನು ಮಾಟಗಾತಿಯ ಬಳಿ ಹೋಗಿ ಸತ್ತ ಸಮುವೇಲನನ್ನು ಎಬ್ಬಿಸಲು ಕೇಳಿದ ಕಥೆಯೂ ಇದೆ. ಸೌಲನಿಗೆ ಅದರಿಂದ ಒಳಿತಾಗಲಿಲ್ಲ. ಸತ್ತವರನ್ನು ಕರೆಸುವುದನ್ನು ಧರ್ಮಸಭೆ ಇಂದಿಗೂ ನಿಷೇಧಿಸುತ್ತದೆ. ಅವರು ದೇವರ ಕೈಯಲ್ಲಿದ್ದಾರೆ, ನಮ್ಮ ಕುತೂಹಲಕ್ಕೆ ಬಂದು ನಿಲ್ಲಬೇಕಾದವರಲ್ಲ.

ಹಾಗೆಂದು ಸತ್ತವರ ಬಗ್ಗೆ ಏನನ್ನೂ ಹುಡುಕಬಾರದೆಂದಲ್ಲ. ಹಳೆ ಗೋವೆಯಲ್ಲಿ ಸಂತ ಅಗಸ್ಟೀನರ ಮಠದ ಅವಶೇಷ ನೀವೆಲ್ಲ ನೋಡಿದ್ದೀರಿ. 46 ಮೀಟರ್ ಎತ್ತರದ ಆ ಒಂಟಿ ಗೋಪುರಕ್ಕೂ ರಾತ್ರಿ ಹೊತ್ತು ನೋಡಿದರೆ ದೆವ್ವದ ಕಥೆ ಕಟ್ಟಬಹುದು. ಆದರೆ ಅಲ್ಲಿ ನಡೆದದ್ದು ಬೇರೆ. ವಿಶ್ವಾಸ ಬಿಡಲು ಒಪ್ಪದೆ 1624ರಲ್ಲಿ ಇರಾನಿನ ಶಿರಾಜ್‌ನಲ್ಲಿ ರಕ್ತಸಾಕ್ಷಿಯಾದ ಜಾರ್ಜಿಯಾದ ರಾಣಿ ಕೆಟೆವಾನಳ ಅವಶೇಷಗಳ ಒಂದು ಭಾಗವನ್ನು ಅಗಸ್ಟೀನಿಯನ್ ಸನ್ಯಾಸಿಗಳು ಈ ಮಠಕ್ಕೆ ತಂದಿದ್ದರು. ಹಳೆಯ ಪೋರ್ಚುಗೀಸ್ ದಾಖಲೆಗಳನ್ನು ಹಿಡಿದು ಪುರಾತತ್ವ ಇಲಾಖೆಯವರು ವರ್ಷಗಟ್ಟಲೆ ಅಗೆದು ಒಂದು ಕೈಯ ಎಲುಬನ್ನು ಪತ್ತೆ ಮಾಡಿದರು. ಹೈದರಾಬಾದಿನ ಸಿಸಿಎಂಬಿ ಪ್ರಯೋಗಾಲಯದಲ್ಲಿ ಅದರ ಡಿಎನ್‌ಎ ಪರೀಕ್ಷೆಯಾಯಿತು. ಭಾರತದವರಲ್ಲಿ ಕಾಣದ, ಜಾರ್ಜಿಯಾದವರಲ್ಲಿ ಕಾಣುವ ಗುರುತು ಅದರಲ್ಲಿ ಸಿಕ್ಕಿತು. 2021ರಲ್ಲಿ ನಮ್ಮ ದೇಶ ಆ ಅವಶೇಷವನ್ನು ಗೌರವದಿಂದ ಜಾರ್ಜಿಯಾಕ್ಕೆ ಒಪ್ಪಿಸಿತು. ಇದೂ ಸತ್ತವರ ಹುಡುಕಾಟವೇ. ಇದರಿಂದ ಸತ್ತವಳಿಗೆ ಅವಳ ಹೆಸರು, ಅವಳ ಊರು ಮರಳಿ ಸಿಕ್ಕಿತು.

ಈಗ ಆ ಹುಡುಗನ ಪ್ರಶ್ನೆಗೆ ಉತ್ತರ. ತಮ್ಮಾ, ದೆವ್ವ ಇಲ್ಲದಿದ್ದರೂ ಆ ಗುಡ್ಡದಲ್ಲಿ ಇನ್ನೊಬ್ಬರ ದೇವಾಲಯ ಇದೆ, ಕೆಳಗೆ ಮಲಗಿರುವ ಮೂರು ಊರುಗಳಿವೆ. ನಾವು ಹೊರಗಿನಿಂದ ಬಂದ ಕನ್ನಡದವರು ಎಂದು ನಮ್ಮ ಬಗ್ಗೆಯೂ ಈ ನಾಡಿನಲ್ಲಿ ಎಷ್ಟೋ ಕಥೆ ಕಟ್ಟಿದ್ದಾರೆ. ಅದು ಎಷ್ಟು ನೋಯುತ್ತದೆ ಎಂದು ನಿನಗೂ ಗೊತ್ತು. ಇನ್ನೊಬ್ಬರ ಊರಿನ ಮೇಲೆ ನಾವೂ ಅದನ್ನೇ ಮಾಡುವುದು ಬೇಡ.

ಶಿಷ್ಯರು ಕೂಡ ಒಂದು ರಾತ್ರಿ ಸರೋವರದ ಮೇಲೆ ನಡೆದು ಬರುತ್ತಿದ್ದ ಯೇಸುಸ್ವಾಮಿಯನ್ನು ಕಂಡು ಭೂತ ಎಂದು ಕಿರುಚಿದರು. ಭಯ ಹತ್ತಿದ ಕಣ್ಣಿಗೆ ಪ್ರಭುವೂ ಭೂತವಾಗಿ ಕಂಡರು. ಅವರು ಮೊದಲು ಹೇಳಿದ್ದು ಹೆದರಬೇಡಿ ಎಂದು.

ಜನವರಿ 6ರಂದು ಬೆಳಿಗ್ಗೆ ಎಲ್ಲರೂ ಕೂಡಿ ಕಾನ್ಸಾವ್ಲಿಗೆ ಹೋಗೋಣ. ಕುದುರೆ ಏರಿದ ಹುಡುಗರನ್ನು ನೋಡೋಣ, ಅಲ್ಲಿನ ಜನರ ಜೊತೆ ಬಲಿಪೂಜೆಯಲ್ಲಿ ಭಾಗಿಯಾಗೋಣ. ವಿಡಿಯೊ ಬೇಕಿದ್ದರೆ ಆವಾಗ ಮಾಡಿ. ಅದಕ್ಕೂ ಮೊದಲು ನವೆಂಬರ್ 2ರಂದು, ಸಕಲ ಮೃತರ ದಿನ, ಕ್ವಾರಿಯಲ್ಲಿ ತೀರಿಕೊಂಡ ಆ ಹುಡುಗನ ಸಮಾಧಿಗೆ ಯುವಜನರೆಲ್ಲ ಹೋಗಿ ಮೇಣದ ಬತ್ತಿ ಹಚ್ಚೋಣ. ಅವನ ತಾಯಿಯವರೂ ಬರುತ್ತೇನೆ ಎಂದಿದ್ದಾರೆ. ಆಕೆಯ ಮುಂದೆ ನಾನು ಹೇಳಬೇಕಾದ ಒಂದು ಮಾತು ಬಹಳ ದಿನದಿಂದ ಬಾಕಿ ಇದೆ.