ಅವರ ಮಾತೂ ದಾಖಲಾಗಲಿ

ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಯಾರಿಗಾದರೂ ಬುದ್ಧಿ ಸ್ಥಿಮಿತ ತಪ್ಪಿದರೆ ಎಷ್ಟೋ ಮನೆಯವರು ಮೊದಲು ದೇವರ ಮುಂದೆ ನಿಲ್ಲಿಸುತ್ತಾರೆ. ಆಮೇಲೆ ಮಂಡ್ಯದ ಮಿಮ್ಸ್ ಆಸ್ಪತ್ರೆ, ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್. ನಿದ್ದೆಗೆಟ್ಟು ಬಂದವರಿಗೆ ಅರ್ಜಿ, ಸಹಿ ಎಂದರೆ ರೇಗುತ್ತದೆ. ‘ಮೊದ್ಲು ಸೇರಿಸ್ಕೊಳ್ಳಿ, ಕಾಗ್ದ ಆಮೇಲೆ’ ಎನ್ನುತ್ತಾರೆ. ಅವರ ಸಂಕಟ ನಿಜ. ಆದರೂ ನಾನು ಕಾಗದದ ಪರ.

ಒಪ್ಪದವರನ್ನು ಒಳಗಿಡುವುದೆಂದರೆ ಅಪರಾಧವೇ ಮಾಡದವರ ಸ್ವಾತಂತ್ರ್ಯ ಕಿತ್ತುಕೊಳ್ಳುವುದು. ಅದಕ್ಕೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 89ನೇ ಕಲಂ ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿ ಕೇಳುತ್ತದೆ. ಒಬ್ಬ ಮನೋವೈದ್ಯ, ಜೊತೆಗೆ ಇನ್ನೊಬ್ಬ ವೈದ್ಯ ಅಥವಾ ಮಾನಸಿಕ ಆರೋಗ್ಯ ತಜ್ಞ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಮಿತಿ 30 ದಿನ. ಪರಿಶೀಲನಾ ಮಂಡಳಿಗೆ 7 ದಿನದೊಳಗೆ, ಹೆಣ್ಣುಮಕ್ಕಳಾದರೆ 3 ದಿನದೊಳಗೆ ತಿಳಿಸಬೇಕು. ಜೀವಕ್ಕೇ ಅಪಾಯವಿದ್ದರೆ ಯಾವುದೇ ನೋಂದಾಯಿತ ವೈದ್ಯ 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಬಹುದು. ಕಾಗದಕ್ಕಾಗಿ ಯಾರೂ ಸಾಯಬೇಕಿಲ್ಲ.

ಹೆಣ್ಣುಮಕ್ಕಳಿಗೆ ಆ ಅವಸರ ಯಾಕೆಂದು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಾಲೆ ಬಯಲಿನ ಗದ್ದೆಯಲ್ಲಿ ಪಾಲು ಕೇಳಿದ ಮಗಳು, ಬೇರೆ ಜಾತಿಯವನನ್ನು ಮೆಚ್ಚಿದ ಹುಡುಗಿ, ಗಂಡನ ಮನೆಗೆ ಹೋಗಲೊಲ್ಲೆ ಎಂದವಳು: ಇವರಿಗೆ ‘ತಲೆಕೆಟ್ಟಿದೆ’ ಎನ್ನಲು ನಾಲಿಗೆ ಎಷ್ಟು ಬೇಗ ಹೊರಳುತ್ತದೆ! ಸಮುದಾಯದ ನೀತಿ, ನಂಬಿಕೆಗಳನ್ನು ಮೀರಿದ್ದೇ ಕಾಯಿಲೆಯ ಗುರುತಾಗಬಾರದೆಂದು 3ನೇ ಕಲಂ ಬಾಯಿಬಿಟ್ಟು ಹೇಳಿದೆ. ಮನೆಯವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಪ್ರೀತಿಗೂ ಹೊರಗಿನ ಸಾಕ್ಷಿ ಬೇಕು.

ಮನೆಯವರು ಜೊತೆಗಿಲ್ಲದವರ ಗತಿ? ಮದ್ದೂರಿನ ರೈಲು ನಿಲ್ದಾಣದಲ್ಲಿ ತನ್ನಷ್ಟಕ್ಕೆ ಮಾತಾಡುತ್ತ ಅಲೆಯುವವನನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡರೆ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿಗೆ ತಳ್ಳುವಂತಿಲ್ಲ. ಕಾಣೆಯಾದವರೆಂದು ಎಫ್‌ಐಆರ್ ದಾಖಲಿಸಿ ಮನೆಯವರನ್ನು ಹುಡುಕಬೇಕು. ಅಪರಾಧ ಮಾಡದ ಮನೋರೋಗಿಗಳನ್ನು ಜೈಲಿನಲ್ಲಿಡುವುದು ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟ್ ಶೀಲಾ ಬರ್ಸೆ ಪ್ರಕರಣದಲ್ಲಿ ಹೇಳಬೇಕಾಗಿ ಬಂದದ್ದು 1993ರಲ್ಲಿ, ಗಣರಾಜ್ಯವಾಗಿ ನಾಲ್ಕು ದಶಕ ಕಳೆದ ಮೇಲೆ.

ರೋಗಿಯನ್ನು ನೋಡದೆಯೇ ಹಾಕಿದ ಎರಡನೇ ಪರೀಕ್ಷಕರ ಸಹಿ, ದೂರು ಕೇಳದ ಪರಿಶೀಲನಾ ಮಂಡಳಿ ಈ ರಕ್ಷಣೆಯನ್ನೆಲ್ಲ ಸುಳ್ಳಾಗಿಸುತ್ತವೆ. ಹಾಗೆ ಸಹಿ ಹಾಕುವುದು ವೃತ್ತಿದ್ರೋಹ.

ಓದುಗರೇ, ನಿಮ್ಮ ಮನಸ್ಸು ನೆಟ್ಟಗಿರುವಾಗಲೇ ನಿಮ್ಮ ಪ್ರತಿನಿಧಿ ಯಾರೆಂದು ಬರೆದಿಡಿ. ಬಿಳಿ ಹಾಳೆ, ನಿಮ್ಮ ಸಹಿ ಅಥವಾ ಹೆಬ್ಬೆಟ್ಟು ಸಾಕೆಂದು ಕಾಯ್ದೆಯೇ ಹೇಳುತ್ತದೆ.