ಸಾಕ್ಷಿಗಳ ಸತ್ಯ

1868ನೆಯ ಆಗಸ್ಟ್ 18ರ ಪೂರ್ಣಗ್ರಹಣದಲ್ಲಿ, ಜಮಖಂಡಿಯ ಮೋಡಗಳ ಎಡೆಯಿಂದ ವರ್ಣದರ್ಶಕವನ್ನಿಟ್ಟು ನೋಡಿದ ಲೆಫ್ಟಿನೆಂಟ್ ಜಾನ್ ಹರ್ಷೆಲರಿಗೆ, ಸೂರ್ಯನಂಚಿನ ಕೆಂಪು ಚಾಚುಗಳು ಉಜ್ವಲ ಅನಿಲವೆಂದು ತಿಳಿಯಿತು. ಅವುಗಳ ಉಷ್ಣತೆಯೆಷ್ಟು? ಬೆಳಕು ತನ್ನ ರೇಖೆಯ ಅಗಲವನ್ನು ತೋರಿಸುತ್ತದೆ. ಆದರೆ ಆ ಅಗಲದಲ್ಲಿ ಶಾಖದೊಡನೆ ಅನಿಲದ ಕಲಕಾಟವೂ ಬೆರೆತಿರುತ್ತದೆ. ರೇಡಿಯೋ ಅಲೆ ಶಾಖವನ್ನೇ ಹೇಳುತ್ತದೆ. ಆದರೆ ಯಾವ ಪದರದ ಶಾಖವೆಂಬುದು ಅಲೆಯ ಉದ್ದವನ್ನು ಅನುಸರಿಸಿರುತ್ತದೆ. ಎರಡನ್ನೂ ಕೂಡಿಸಿ ವಿಚಾರಿಸಿದಾಗ, ಜ್ವಾಲೆಯಂತೆ ತೋರುವ ಚಾಚಿನ ಒಡಲು ಸುಮಾರು 8,000 ಡಿಗ್ರಿ ಮಾತ್ರವೆಂದೂ, ಅದನ್ನು ಸುತ್ತಿದ ಮಂಕಾದ ಪ್ರಭಾವಲಯವೇ 10 ಲಕ್ಷ ಡಿಗ್ರಿಗೆ ಮಿಗಿಲೆಂದೂ ಕಾಣುತ್ತದೆ.

ಇಲ್ಲಿ ಯಾವ ಸಾಕ್ಷಿಯೂ ಸುಳ್ಳಾಡಲಿಲ್ಲ. ಆದರೂ ಒಂದನ್ನೇ ನಂಬಿದವನು ತಪ್ಪುವನು. ದೂರದ ಅನಿಲಕ್ಕೆ ಸಲ್ಲಿಸುವ ಈ ನ್ಯಾಯವನ್ನು ನೆರೆಮನೆಯವನಿಗೆ ಸಲ್ಲಿಸದಿರುವುದು ಯಾವ ಧರ್ಮ?